ತಂತ್ರಾಂಶ ಇನ್‌ಸ್ಟಾಲ್ ಆಗದೆ 1603 ಎಂಬ ದೋಷಸಂಖ್ಯೆ ಬರುತ್ತಿದೆ: ಏನು ಮಾಡಬೇಕು?

ಪ್ರಶ್ನೆ:

ನಮಸ್ಕಾರ ಸರ್. ನಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 11 ಇದೆ. ಹಲವು ವರ್ಷಗಳಿಂದ ಬಳಸುತ್ತಿರುವ ಲೆಕ್ಕಪತ್ರದ ತಂತ್ರಾಂಶವೊಂದರ ಹೊಸ ಆವೃತ್ತಿಯನ್ನು ಇನ್‌ಸ್ಟಾಲ್ ಮಾಡಲು ಹೊರಟರೆ, ಪ್ರಗತಿ ತೋರಿಸುವ ಪಟ್ಟಿ ಅರ್ಧಕ್ಕಿಂತ ಹೆಚ್ಚು ತುಂಬುವವರೆಗೆ ಎಲ್ಲವೂ ಸರಿಯಾಗಿಯೇ ನಡೆದು, ಆಮೇಲೆ ಪಟ್ಟಿ ಹಿಂದಕ್ಕೆ ಸರಿಯತೊಡಗುತ್ತದೆ. ಕೊನೆಗೆ 1603 ಎಂಬ ಸಂಖ್ಯೆಯೊಡನೆ ಇನ್‌ಸ್ಟಾಲ್ ವಿಫಲವಾಯಿತೆಂಬ ಸಂದೇಶ ಬರುತ್ತದೆ. ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದ್ದೇನೆ, ಕಡತವನ್ನು ಮತ್ತೆ ಡೌನ್‌ಲೋಡ್ ಮಾಡಿಕೊಂಡಿದ್ದೇನೆ, ಅಡ್ಮಿನಿಸ್ಟ್ರೇಟರ್ ಆಗಿ ಚಲಾಯಿಸಿಯೂ ನೋಡಿದ್ದೇನೆ. ಡಿಸ್ಕಿನಲ್ಲಿ ಜಾಗಕ್ಕೆ ಕೊರತೆಯಿಲ್ಲ. ಆಂಟಿವೈರಸ್ ಆಫ್ ಮಾಡಿ ನೋಡಿ ಎಂದು ಕೆಲವರು, ವಿಂಡೋಸನ್ನೇ ಹೊಸದಾಗಿ ಹಾಕಿಸಿಬಿಡಿ ಎಂದು ಕೆಲವರು ಹೇಳುತ್ತಿದ್ದಾರೆ. ಯಾರ ಮಾತನ್ನು ಕೇಳಲಿ?

ಉತ್ತರ:

ನಮಸ್ಕಾರ. ಸದ್ಯಕ್ಕೆ ಎರಡನ್ನೂ ಮಾಡಬೇಡಿ. 1603 ಎಂಬ ಸಂಖ್ಯೆ ಕಾರಣವನ್ನು ಹೇಳುವುದಿಲ್ಲ, ಫಲಿತಾಂಶವನ್ನಷ್ಟೇ ಹೇಳುತ್ತದೆ. ವಿಂಡೋಸ್ ಇನ್‌ಸ್ಟಾಲರ್ ಎಂಬ ಸೇವೆ ಒಂದು ತಂತ್ರಾಂಶವನ್ನು ಸ್ಥಾಪಿಸುವಾಗ ಕಡತಗಳನ್ನು ನಕಲು ಮಾಡುವುದು, ರಿಜಿಸ್ಟ್ರಿಯಲ್ಲಿ (ವಿಂಡೋಸ್ ಮತ್ತು ತಂತ್ರಾಂಶಗಳ ಸೆಟ್ಟಿಂಗುಗಳನ್ನು ಇಡುವ ದಾಖಲೆಯಲ್ಲಿ) ನಮೂದಿಸುವುದು, ಹಳೆಯ ಆವೃತ್ತಿಯನ್ನು ತೆಗೆಯುವುದು ಮುಂತಾದ ಹತ್ತಾರು ಕೆಲಸಗಳನ್ನು ಒಂದರ ನಂತರ ಒಂದರಂತೆ ಮಾಡುತ್ತದೆ; ಅವುಗಳಲ್ಲಿ ಯಾವುದೇ ಒಂದು ಮುಖ್ಯ ಕೆಲಸ ಕೆಟ್ಟರೂ ಅದುವರೆಗೆ ಮಾಡಿದ್ದನ್ನೆಲ್ಲ ರದ್ದುಮಾಡಿ, ಕಂಪ್ಯೂಟರನ್ನು ಮೊದಲಿದ್ದ ಸ್ಥಿತಿಗೆ ತರಲು ಯತ್ನಿಸಿ, ಕೊನೆಯಲ್ಲಿ 1603 ಎಂದು ವರದಿ ಮಾಡುತ್ತದೆ. ನೀವು ಕಂಡ ಪಟ್ಟಿ ಹಿಂದಕ್ಕೆ ಸರಿದದ್ದು ಈ ರದ್ದತಿಯೇ. ಆದ್ದರಿಂದ ನಾವು ಹುಡುಕಬೇಕಾದದ್ದು ಕೊನೆಯ ಸಂದೇಶವನ್ನಲ್ಲ, ಅದಕ್ಕೂ ಮೊದಲು ಎಲ್ಲಿ ಕೆಟ್ಟಿತು ಎಂಬುದನ್ನು. ಇದನ್ನು ಬಿಟ್ಟು ಕಂಡಕಂಡ ಪರಿಹಾರಗಳನ್ನೆಲ್ಲ ಒಟ್ಟಿಗೆ ಪ್ರಯೋಗಿಸಿದರೆ, ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಸರಿಹೋಗದಿದ್ದರೆ ಮೂಲ ಸಮಸ್ಯೆಯ ಮೇಲೆ ಹೊಸ ಸಮಸ್ಯೆಗಳು ಕೂಡಿಕೊಂಡಿರುತ್ತವೆ.

ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಎಂದು ಹುಡುಕಿ ತೆರೆಯಿರಿ; ಕಂಪ್ಯೂಟರಿನಲ್ಲಿ ನಡೆದದ್ದರ ದಾಖಲೆಗಳನ್ನು ತೋರಿಸುವ ಸಾಧನ ಅದು. ಎಡಬದಿಯಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್ ಇರುತ್ತದೆ. ಇನ್‌ಸ್ಟಾಲ್ ವಿಫಲವಾದ ಸಮಯದ ಆಸುಪಾಸಿನಲ್ಲಿ, ಸೋರ್ಸ್ ಎಂಬ ಕಾಲಮ್ಮಿನಲ್ಲಿ ಎಂಎಸ್‌ಐ ಇನ್‌ಸ್ಟಾಲರ್ ಎಂದಿರುವ ನಮೂದುಗಳನ್ನು ನೋಡಿ. ಇನ್‌ಸ್ಟಾಲರಿನ ದೋಷಸಂಖ್ಯೆಗೆ 10000 ಕೂಡಿಸಿದ ಸಂಖ್ಯೆ ಅಲ್ಲಿ ಇವೆಂಟ್ ಐಡಿಯಾಗಿ ಕಾಣಿಸುತ್ತದೆ. 11708 ಎಂಬುದು ಇನ್‌ಸ್ಟಾಲ್ ವಿಫಲವಾಯಿತೆಂಬ ಘೋಷಣೆ ಮಾತ್ರ. ಅದಕ್ಕಿಂತ ಕೆಲವು ಸೆಕೆಂಡುಗಳ ಮುಂಚೆ ಬೇರೆ ಯಾವ ಸಂಖ್ಯೆ ದಾಖಲಾಗಿದೆ, ಅದರ ಕೆಳಗಿನ ವಿವರದಲ್ಲಿ ಏನು ಬರೆದಿದೆ ಎಂಬುದನ್ನು ಇಲ್ಲಿ ತಿಳಿಸಿ. ಇತ್ತೀಚೆಗೆ ಮನೆಯಲ್ಲಿ ಯಾರಾದರೂ ಆ ಕಂಪ್ಯೂಟರಿನಿಂದ ಏನನ್ನಾದರೂ ಅಳಿಸಿದ್ದರೆ ಅದನ್ನೂ ದಯವಿಟ್ಟು ಬರೆಯಿರಿ.

ಪ್ರಶ್ನೆ ಕೇಳಿದವರು:

ನೋಡಿದೆ ಸರ್. 11708ಕ್ಕಿಂತ ಮುಂಚೆ 11714 ಎಂದು ಇದೆ. ಹಳೆಯ ಆವೃತ್ತಿಯನ್ನು ತೆಗೆಯಲಾಗುತ್ತಿಲ್ಲ ಎಂಬರ್ಥದ ಇಂಗ್ಲಿಷ್ ವಾಕ್ಯವಿದ್ದು, ಅದರ ಕೊನೆಯಲ್ಲಿ ಸಿಸ್ಟಮ್ ಎರರ್ 1612 ಎಂದಿದೆ. ನೀವು ಕೇಳಿದ್ದರಿಂದ ಅಣ್ಣನನ್ನು ವಿಚಾರಿಸಿದೆ. ಡಿಸ್ಕ್ ತುಂಬಿಹೋಗಿದ್ದಾಗ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಇನ್‌ಸ್ಟಾಲರ್ ಎಂಬ ಫೋಲ್ಡರಿನಿಂದ ದೊಡ್ಡ ದೊಡ್ಡ ಕಡತಗಳನ್ನು ಅಳಿಸಿದ್ದಾಗಿ ಹೇಳಿದರು. ರಿಸೈಕಲ್ ಬಿನ್ ಕೂಡ ಖಾಲಿ ಮಾಡಿದ್ದಾರೆ. ಹಳೆಯ ಆವೃತ್ತಿ ಈಗಲೂ ತೆರೆದುಕೊಳ್ಳುತ್ತದೆ, ಆದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಲು ಹೋದರೆ ಅದೂ ಆಗುತ್ತಿಲ್ಲ.

ಉತ್ತರ:

ಕಾರಣ ಸಿಕ್ಕಿತು. ಒಂದು ತಂತ್ರಾಂಶವನ್ನು ಸ್ಥಾಪಿಸಿದಾಗ ವಿಂಡೋಸ್ ಅದರ ಇನ್‌ಸ್ಟಾಲ್ ಕಡತದ ಪ್ರತಿಯೊಂದನ್ನು ಆ ಇನ್‌ಸ್ಟಾಲರ್ ಫೋಲ್ಡರಿನಲ್ಲಿ ಬೇರೆ ಹೆಸರಿನಲ್ಲಿ ಉಳಿಸಿಕೊಂಡಿರುತ್ತದೆ. ಮುಂದೆ ಆ ತಂತ್ರಾಂಶವನ್ನು ರಿಪೇರಿ ಮಾಡಲು, ತೆಗೆದುಹಾಕಲು ಅಥವಾ ಹೊಸ ಆವೃತ್ತಿಗೆ ಏರಿಸಲು ಬೇಕಾಗುವುದು ಆ ಪ್ರತಿಯೇ. ನಿಮ್ಮ ಹೊಸ ಆವೃತ್ತಿ ಮೊದಲು ಹಳೆಯದನ್ನು ತೆಗೆಯಲು ಹೊರಡುತ್ತದೆ, ತೆಗೆಯುವ ಕ್ರಮವನ್ನು ಹೇಳುವ ಪ್ರತಿ ಇಲ್ಲದ ಕಾರಣ 1612 ಬರುತ್ತದೆ, ಅದರಿಂದ 1714 (ಇವೆಂಟ್ ವ್ಯೂವರಿನಲ್ಲಿ ನೀವು ಕಂಡ 11714), ಅದರಿಂದ ಕೊನೆಗೆ ನಿಮ್ಮ ಕಣ್ಣಿಗೆ ಬಿದ್ದ 1603. ಆಂಟಿವೈರಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಹೊಸ ಕಡತವನ್ನು ಎಷ್ಟು ಬಾರಿ ಡೌನ್‌ಲೋಡ್ ಮಾಡಿದರೂ ಪ್ರಯೋಜನವಾಗದಿದ್ದುದಕ್ಕೆ ಕಾರಣ, ದೋಷ ಆ ಕಡತದಲ್ಲಿ ಇರಲೇ ಇಲ್ಲ.

ಮೊಟ್ಟಮೊದಲು ನಿಮ್ಮ ಲೆಕ್ಕಪತ್ರದ ದತ್ತಾಂಶವನ್ನು ಪೆನ್ ಡ್ರೈವಿಗೋ ಬೇರೊಂದು ಡಿಸ್ಕಿಗೋ ನಕಲು ಮಾಡಿಕೊಳ್ಳಿ. ಹಳೆಯ ಆವೃತ್ತಿ ಇನ್ನೂ ತೆರೆದುಕೊಳ್ಳುತ್ತಿರುವುದರಿಂದ ಅದರಲ್ಲಿಯೇ ಬ್ಯಾಕಪ್ ಸೌಲಭ್ಯವಿದ್ದರೆ ಅದನ್ನು ಬಳಸುವುದು ಉತ್ತಮ. ತಂತ್ರಾಂಶವನ್ನು ಮತ್ತೆ ಹಾಕಿಕೊಳ್ಳಬಹುದು, ವರ್ಷಗಳ ಲೆಕ್ಕವನ್ನು ಮತ್ತೆ ಬರೆಯಲಾಗುವುದಿಲ್ಲ. ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗಬೇಡಿ.

ಆಮೇಲೆ ಹಳೆಯ ಆವೃತ್ತಿಯ ಇನ್‌ಸ್ಟಾಲ್ ಕಡತ ನಿಮ್ಮಲ್ಲಿ ಉಳಿದಿದೆಯೇ ನೋಡಿ. ಇಲ್ಲದಿದ್ದರೆ ತಯಾರಕರ ಅಧಿಕೃತ ತಾಣದಲ್ಲಿ ಹಳೆಯ ಆವೃತ್ತಿಗಳ ಪುಟವಿದೆಯೇ ಹುಡುಕಿ, ಅಥವಾ ಅವರನ್ನೇ ಕೇಳಿ. ಆವೃತ್ತಿಯ ಸಂಖ್ಯೆ ಕೊನೆಯ ಅಂಕಿಯವರೆಗೂ ಹೊಂದಬೇಕು. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಆ ಸಂಖ್ಯೆ ಸಿಗುತ್ತದೆ. ಆ ಕಡತವನ್ನು ಚಲಾಯಿಸಿ ರಿಪೇರಿ ಎಂಬ ಆಯ್ಕೆ ಕೊಟ್ಟರೆ ಸಾಮಾನ್ಯವಾಗಿ ಕಳೆದುಹೋದ ಪ್ರತಿ ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತದೆ, ಬಳಿಕ ಅನ್‌ಇನ್‌ಸ್ಟಾಲ್ ಸುಗಮವಾಗುತ್ತದೆ. ಆ ಕಡತ ಎಲ್ಲಿಯೂ ದೊರೆಯದಿದ್ದರೆ, ಪ್ರೋಗ್ರಾಮ್ ಇನ್‌ಸ್ಟಾಲ್ ಆ್ಯಂಡ್ ಅನ್‌ಇನ್‌ಸ್ಟಾಲ್ ಟ್ರಬಲ್‌ಶೂಟರ್ ಎಂಬ ಉಚಿತ ಸಾಧನವನ್ನು ಮೈಕ್ರೋಸಾಫ್ಟ್‌ನ ಸಹಾಯ ತಾಣದಿಂದ ಇಳಿಸಿಕೊಳ್ಳಿ. ಅದು ಆ ತಂತ್ರಾಂಶಕ್ಕೆ ಸಂಬಂಧಿಸಿದ, ಇನ್‌ಸ್ಟಾಲರಿನ ಕೆಟ್ಟ ನಮೂದುಗಳನ್ನು ತೆಗೆದುಹಾಕುತ್ತದೆ. ರಿಜಿಸ್ಟ್ರಿಗೆ ನೀವೇ ಕೈಹಾಕಿ ಸಾಲುಗಳನ್ನು ಅಳಿಸುವುದನ್ನು ನಾನು ಸೂಚಿಸುವುದಿಲ್ಲ.

ಇದು ಮುಗಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ ಹೊಸ ಆವೃತ್ತಿಯನ್ನು ಹಾಕಿ. ಇಷ್ಟು ಸಣ್ಣ ಕಾರಣಕ್ಕೆ ವಿಂಡೋಸನ್ನು ಹೊಸದಾಗಿ ಹಾಕಿಸುವ ಅಗತ್ಯವಿಲ್ಲ.

ಮತ್ತೊಬ್ಬ ಸದಸ್ಯರ ಪ್ರಶ್ನೆ:

ಇದೇ ಸಂದರ್ಭದಲ್ಲಿ ನನ್ನದೂ ಒಂದು ಪ್ರಶ್ನೆ. ಚಿತ್ರ ಬಿಡಿಸುವ ತಂತ್ರಾಂಶವೊಂದು ಇನ್‌ಸ್ಟಾಲ್ ಆಯಿತು, ಆದರೆ ತೆರೆದರೆ ಎಂಎಸ್‌ವಿಸಿಪಿ140 ಎಂಬ ಡಿಎಲ್‌ಎಲ್ ಕಡತ (ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಹಾಯಕ ಕಡತ) ಇಲ್ಲವೆನ್ನುತ್ತಿತ್ತು. ಡಿಎಲ್‌ಎಲ್ ಕಡತಗಳನ್ನು ಕೊಡುವ ತಾಣವೊಂದರಿಂದ ಅದನ್ನು ಇಳಿಸಿ ಸಿಸ್ಟಮ್32 ಫೋಲ್ಡರಿಗೆ ಹಾಕಿದ ಮೇಲೆ ಆ ಸಂದೇಶ ಹೋಗಿ, ಸೊನ್ನೆ-ಎಕ್ಸ್-ಸಿ ಎಂದು ಆರಂಭವಾಗಿ 7ಬಿ ಎಂದು ಮುಗಿಯುವ ಬೇರೆಯೇ ಸಂಖ್ಯೆ ಬರುತ್ತಿದೆ.

ಉತ್ತರ:

ಆ ಹೊಸ ಸಂಖ್ಯೆಯ ಅರ್ಥ, ಕಡತ ಸಿಕ್ಕಿದೆ ಆದರೆ ಅದರ ಸ್ವರೂಪ ಹೊಂದುತ್ತಿಲ್ಲ ಎಂದು. ಬಹುಮಟ್ಟಿಗೆ ಇದು 64 ಬಿಟ್ ತಂತ್ರಾಂಶಕ್ಕೆ 32 ಬಿಟ್ ಕಡತ ಸಿಕ್ಕಾಗ, ಅಥವಾ ಅದರ ತಿರುಗುಮುರುಗಾದಾಗ ಬರುತ್ತದೆ. ಇಲ್ಲಿ ಎಚ್ಚರ ತಪ್ಪಿಸುವ ಸಂಗತಿಯೊಂದಿದೆ: 64 ಬಿಟ್ ವಿಂಡೋಸಿನಲ್ಲಿ ಸಿಸ್ಟಮ್32 ಎಂಬ ಹೆಸರಿನ ಫೋಲ್ಡರಿನಲ್ಲಿರುವುದು 64 ಬಿಟ್ ಕಡತಗಳು, 32 ಬಿಟ್ ಕಡತಗಳಿಗೆ ಸಿಸ್‌ವೌ64 ಎಂಬ ಬೇರೆ ಫೋಲ್ಡರ್ ಇದೆ. ಹೆಸರನ್ನು ನಂಬಿ ಕಡತ ಹಾಕಿದರೆ ಅದಲುಬದಲಾಗುವುದು ಸಹಜ.

ಅದಕ್ಕಿಂತ ನನಗೆ ಹೆಚ್ಚು ಚಿಂತೆ ತಂದಿರುವುದು ಆ ಕಡತ ಎಲ್ಲಿಂದ ಬಂತೆಂಬುದು. ಅಂಥ ತಾಣಗಳ ಕಡತಗಳು ಯಾವ ಆವೃತ್ತಿಯವು, ಯಾರು ಅವುಗಳನ್ನು ತಿದ್ದಿದ್ದಾರೆ ಎಂಬುದಕ್ಕೆ ಯಾವ ಖಾತರಿಯೂ ಇಲ್ಲ, ಮತ್ತು ನೀವು ಅದನ್ನು ವಿಂಡೋಸಿನ ಅತಿ ಮುಖ್ಯ ಫೋಲ್ಡರಿನಲ್ಲಿ ಇಟ್ಟಿದ್ದೀರಿ. ದಯವಿಟ್ಟು ಅದನ್ನು, ಅದನ್ನು ಮಾತ್ರ, ಇಂದೇ ತೆಗೆದುಹಾಕಿ ಪೂರ್ಣ ವೈರಸ್ ತಪಾಸಣೆ ನಡೆಸಿ. ನಿಮಗೆ ಬೇಕಾದ ಕಡತ ವಿಶುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬ ಪ್ಯಾಕೇಜಿನ ಭಾಗ. 2015ರಿಂದ 2022ರವರೆಗಿನ ವಿಶುವಲ್ ಸ್ಟುಡಿಯೋದಲ್ಲಿ (ತಂತ್ರಾಂಶ ತಯಾರಿಸುವ ಮೈಕ್ರೋಸಾಫ್ಟ್‌ನ ಸಾಧನ) ತಯಾರಾದ ತಂತ್ರಾಂಶಗಳಿಗೆಲ್ಲ ಒಂದೇ ಪ್ಯಾಕೇಜ್ ಸಾಕಾಗುತ್ತದೆ. ಮೈಕ್ರೋಸಾಫ್ಟ್‌ನ ತಾಣದಿಂದ ಎಕ್ಸ್86 (32 ಬಿಟ್) ಮತ್ತು ಎಕ್ಸ್64 (64 ಬಿಟ್) ಎರಡನ್ನೂ ಇಳಿಸಿ ಹಾಕಿಕೊಳ್ಳಿ. ಎರಡೂ ಜೊತೆಯಲ್ಲಿದ್ದರೆ ತೊಂದರೆಯಿಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ:

ನನಗೆ 1618 ಎಂದು ಬರುತ್ತದೆ. ಬೇರೆ ಇನ್‌ಸ್ಟಾಲ್ ನಡೆಯುತ್ತಿದೆ ಎನ್ನುತ್ತದೆ, ಆದರೆ ನಾನು ಬೇರೆ ಯಾವುದನ್ನೂ ಆರಂಭಿಸಿಲ್ಲ.

ಉತ್ತರ:

ನೀವು ಆರಂಭಿಸದಿದ್ದರೂ ವಿಂಡೋಸ್ ಅಪ್‌ಡೇಟ್ ಅಥವಾ ಬೇರೊಂದು ತಂತ್ರಾಂಶ ಹಿನ್ನೆಲೆಯಲ್ಲಿ ತನ್ನನ್ನು ನವೀಕರಿಸಿಕೊಳ್ಳುತ್ತಿರಬಹುದು. ಇನ್‌ಸ್ಟಾಲರ್ ಸೇವೆ ಒಂದು ಸಮಯಕ್ಕೆ ಒಂದೇ ಕೆಲಸವನ್ನು ಒಪ್ಪಿಕೊಳ್ಳುತ್ತದೆ. ಅಪ್‌ಡೇಟ್ ಮುಗಿಯಲು ಬಿಟ್ಟು, ರೀಸ್ಟಾರ್ಟ್ ಮಾಡಿ ಪ್ರಯತ್ನಿಸಿ.

ಮೊದಲ ಪ್ರಶ್ನೆ ಕೇಳಿದವರು:

ಹಳೆಯ ಇನ್‌ಸ್ಟಾಲ್ ಕಡತ ಸಿಕ್ಕಿತು ಸರ್. ರಿಪೇರಿ ಆಯಿತು, ಹಳೆಯದು ಹೋಯಿತು, ಹೊಸ ಆವೃತ್ತಿ ಬಂತು. ಲೆಕ್ಕಗಳೆಲ್ಲ ಹಾಗೆಯೇ ಇವೆ. ತುಂಬ ಧನ್ಯವಾದಗಳು. ಒಂದೇ ಸಂದೇಹ: ಆ ಇನ್‌ಸ್ಟಾಲರ್ ಫೋಲ್ಡರ್ ಈಗಲೂ ಹಲವು ಜಿಬಿ ಜಾಗ ಹಿಡಿದಿದೆ. ಅದರಿಂದ ಏನನ್ನೂ ತೆಗೆಯಲೇಬಾರದೇ? ಅಣ್ಣ ಅಳಿಸಿದ್ದರಿಂದ ಬೇರೆ ತಂತ್ರಾಂಶಗಳಿಗೂ ತೊಂದರೆಯಾಗುತ್ತದೆಯೇ?

ಉತ್ತರ:

ಸಂತೋಷ. ಅಲ್ಲಿಂದ ಕೈಯಾರೆ ಏನನ್ನೂ ತೆಗೆಯಬೇಡಿ. ಯಾವ ಕಡತ ಯಾವ ತಂತ್ರಾಂಶದ್ದೆಂದು ಹೆಸರಿನಿಂದ ತಿಳಿಯುವುದಿಲ್ಲ. ಜಾಗ ಬೇಕಾದರೆ ಬಳಸದ ತಂತ್ರಾಂಶಗಳನ್ನು ಸೆಟ್ಟಿಂಗ್ಸ್ ಮೂಲಕ ಅನ್‌ಇನ್‌ಸ್ಟಾಲ್ ಮಾಡಿ, ಆಗ ಅವುಗಳ ಪ್ರತಿಯೂ ಕ್ರಮವಾಗಿ ಹೋಗುತ್ತದೆ. ಸೆಟ್ಟಿಂಗ್ಸ್‌ನ ಸ್ಟೋರೇಜ್ ಭಾಗದಲ್ಲಿರುವ ಟೆಂಪರರಿ ಫೈಲ್ಸ್ ಪಟ್ಟಿಯಿಂದಲೂ ಬೇಡದ್ದನ್ನು ಆರಿಸಿ ತೆಗೆಯಬಹುದು, ಆದರೆ ಅಲ್ಲಿ ಡೌನ್‌ಲೋಡ್ಸ್ ಎಂಬ ಸಾಲಿಗೆ ಗುರುತು ಹಾಕುವ ಮುನ್ನ ಅದರಲ್ಲಿ ನಿಮಗೆ ಬೇಕಾದ ಕಡತಗಳಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಎರಡನೆಯದಕ್ಕೆ, ಹೌದು, ಆಗಬಹುದು. ಪ್ರತಿ ಕಳೆದುಹೋದ ಇತರ ತಂತ್ರಾಂಶಗಳು ದಿನನಿತ್ಯದ ಬಳಕೆಯಲ್ಲಿ ಚೆನ್ನಾಗಿಯೇ ಇದ್ದು, ಅಪ್‌ಡೇಟ್ ಮಾಡುವ ದಿನ ಇದೇ ದೋಷ ತೋರಿಸುತ್ತವೆ. ಆಗ ಗಾಬರಿಯಾಗದೆ ಮೊದಲು ಇವೆಂಟ್ ವ್ಯೂವರಿನಲ್ಲಿ 11714 ಇದೆಯೇ ನೋಡಿ; ಇದ್ದರೆ ಈಗ ಮಾಡಿದ ಕ್ರಮವನ್ನೇ ಆ ತಂತ್ರಾಂಶಕ್ಕೂ ಅನುಸರಿಸಿ. ಈಗ ಬಳಸಿದ ಹಳೆಯ ಆವೃತ್ತಿಯ ಕಡತವನ್ನು ಇನ್ನು ಇಟ್ಟುಕೊಳ್ಳಬೇಕಾಗಿಲ್ಲ, ಹೊಸ ಆವೃತ್ತಿಯದನ್ನು ಮಾತ್ರ ಒಂದು ಫೋಲ್ಡರಿನಲ್ಲಿ ಜೋಪಾನವಾಗಿಡಿ.