ಅಪ್ಪನ ನಾಡಿ ಏರುಪೇರು, ನಿಮ್ಮನೆಯಲ್ಲಿ ಹೇಗೆ ನಿಭಾಯಿಸಿದಿರಿ?

ಮೂಡಿಗೆರೆ ಕಡೆಯಿಂದ: ಅಪ್ಪನಿಗೆ 68. ಎರಡು ವರ್ಷದಿಂದ ಹಾರ್ಟ್ ಫೇಲ್ಯೂರ್, ಪಂಪಿಂಗ್ (ಪ್ರತಿ ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು) ಶೇಕಡ 30 ಅಂತೆ. ಈಗ ಇಸಿಜಿ ನೋಡಿ ಏಟ್ರಿಯಲ್ ಫಿಬ್ರಿಲೇಶನ್ (ಎಎಫ್, ಹೃದಯದ ಮೇಲಿನ ಕೋಣೆ ತಾಳ ತಪ್ಪಿ ಬಡಿಯೋದು) ಶುರುವಾಗಿದೆ ಅಂದರು, ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದಾರೆ. ಐಸಿಡಿ, ಅಂದರೆ ಎದೆಯೊಳಗೆ ಕೂರಿಸುವ ಶಾಕ್ ಯಂತ್ರದ ಮಾತೂ ಬಂತು. ಮನೆಯ ಬಿಪಿ ಮಿಷಿನ್ ನಾಡಿ ಒಂದು ಸಲ 62 ಅನ್ನುತ್ತೆ, ಐದು ನಿಮಿಷ ಬಿಟ್ಟರೆ 118. ಯಾವುದನ್ನು ನಂಬೋದು? ಕಾಫಿ ಬಿಡಿಸಬೇಕಾ?

ಸಕಲೇಶಪುರದಿಂದ: ನಮ್ಮಮ್ಮನದೂ ಇದೇ ಕತೆ, ನಾಲ್ಕು ವರ್ಷವಾಯಿತು. ಬಡಿತ ತಾಳ ತಪ್ಪಿದಾಗ ಆ ಮಿಷಿನ್ ಲೆಕ್ಕ ನಂಬಬೇಡಿ. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿಗೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋದು ಇಲ್ಲಿ ನಡೆಯಲ್ಲ. ಅಮ್ಮನದು ಎರಡು ಬಡಿತ ಒಟ್ಟಿಗೆ ಓಡಿಬಂದು, ಆಮೇಲಿನದು ಕಾಣೆ. ಕೆಲವು ಬಡಿತಕ್ಕೆ ಬಲ ಸಾಲದೆ ಮಣಿಕಟ್ಟಿನವರೆಗೆ ಬರೋದೇ ಇಲ್ಲ, ಅದಕ್ಕೇ ಡಾಕ್ಟರ್ ಎದೆಗೆ ಸ್ಟೆತ್ ಇಟ್ಟು ಎಣಿಸಿದರೆ ನಮ್ಮ ಲೆಕ್ಕಕ್ಕಿಂತ ಜಾಸ್ತಿ ಬರುತ್ತಿತ್ತು.

ಜೊತೆಗೆ ತೂಕ. ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದು, ತಿಂಡಿಗೆ ಮೊದಲು. ನಾವು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆದಿಡುತ್ತೇವೆ. ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ ಡಾಕ್ಟರಿಗೆ ಫೋನ್. ಹೋದ ಮಳೆಗಾಲದಲ್ಲಿ ಹಾಗೇ ಆಯಿತು, ನಾಡಿ 130, ರಾತ್ರಿ ದಿಂಬಿಗೆ ಒರಗಿ ಕೂತೇ ನಿದ್ದೆ. ಬಡಿತ ಓಡಿದರೆ ಹೃದಯಕ್ಕೆ ರಕ್ತ ತುಂಬಿಕೊಳ್ಳಲು ಪುರುಸೊತ್ತಿಲ್ಲ, ಮೈಯಲ್ಲಿ ನೀರು ನಿಲ್ಲುತ್ತೆ. ನೀರು ನಿಂತರೆ ಹೃದಯದ ಮೇಲಿನ ಕೋಣೆ ಹಿಗ್ಗಿ ಬಡಿತ ಇನ್ನೂ ಕೆಡುತ್ತೆ.

ಮಂಡಿನೋವಿನ ಮಾತ್ರೆ ಕೇಳದೆ ಕೊಡಬೇಡಿ, ನೀರೂ ನಿಲ್ಲುತ್ತೆ, ರಕ್ತಸ್ರಾವವೂ ಆಗಬಹುದು. ನಿಮ್ಮ ರಕ್ತ ತೆಳು ಮಾಡುವ ಮಾತ್ರೆ ವಾರ್ಫರಿನ್ ಆದರೆ ಸೊಪ್ಪು ಬಿಡಬೇಕಿಲ್ಲ, ಆದರೆ ಒಂದು ವಾರ ಮುಟ್ಟದೆ ಇನ್ನೊಂದು ವಾರ ದಿನಾ ಬಸ್ಸಾರು ಮಾಡಿದರೆ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅನ್ನೋ ಪರೀಕ್ಷೆಯ ಲೆಕ್ಕ) ಏರಿಳಿಯುತ್ತೆ. ನಮ್ಮಮ್ಮ ಮಾಡಿದ್ದು ಅದೇ!

ಅರಸೀಕೆರೆಯಿಂದ: ಐಸಿಡಿ ನನಗೇ ಇದೆ. ಅದು ಎಎಫ್‌ಗೆ ಅಲ್ಲ. ಕೆಳಗಿನ ಕೋಣೆ ದಿಢೀರನೆ ಓಡಿ ಜೀವಕ್ಕೆ ಕುತ್ತು ಬಂದರೆ ಶಾಕ್ ಕೊಟ್ಟು ಉಳಿಸೋಕೆ. ಮೂರು ತಿಂಗಳು ಸರಿಯಾಗಿ ಮಾತ್ರೆ ನುಂಗಿದ ಮೇಲೂ ಪಂಪಿಂಗ್ 35 ದಾಟದಿದ್ದರೆ ಸಾಮಾನ್ಯವಾಗಿ ಇದರ ಮಾತು ಬರುತ್ತೆ. ನನಗೆ ಒಂದೇ ಸಲ ಹೊಡೆದಿದೆ, ಎದೆ ಮೇಲೆ ತೆಂಗಿನಕಾಯಿ ಬಿದ್ದ ಹಾಗಾಯಿತು. ಭೇದಿಯಾಗಿತ್ತು, ಮೇಲೆ ನೀರು ಹೋಗುವ ಮಾತ್ರೆ ಬೇರೆ, ಪೊಟ್ಯಾಸಿಯಂ ಇಳಿದಿತ್ತು. ಹಾಗಂತ ನೀವಾಗಿಯೇ ಎಳನೀರು ಕುಡಿಸಬೇಡಿ ಮಾರಾಯ್ರೆ, ಸ್ಪೈರೊನೊಲ್ಯಾಕ್ಟೋನ್ (ಪೊಟ್ಯಾಸಿಯಂ ಮೈಯಲ್ಲೇ ಉಳಿಸುವ ಮಾತ್ರೆ) ಇದ್ದರೆ ಪೊಟ್ಯಾಸಿಯಂ ಜಾಸ್ತಿಯಾಗಿ ಅದೂ ಅಪಾಯ. ರಕ್ತ ಪರೀಕ್ಷೆ ಮಾಡಿಸಿ ಕೇಳಿ.

ಚಿಕ್ಕಮಗಳೂರಿನಿಂದ: ಕಾಫಿ ಬಿಡಿಸಲು ಹೋಗಿ ನಮ್ಮ ಮಾವ ಮೂರು ದಿನ ಮಾತೇ ಆಡಲಿಲ್ಲ. ಕೊನೆಗೆ ಡಾಕ್ಟರೇ ದಿನಕ್ಕೆ ಒಂದೆರಡು ಲೋಟ ಇರಲಿ, ಕುಡಿದ ಮೇಲೆ ಎದೆ ಡವಡವ ಅಂದರೆ ಬಿಡಿ ಅಂದರು. ಬಿಡಿಸಬೇಕಾಗಿದ್ದು ಉಪ್ಪಿನಕಾಯಿ, ಸಂಜೆಯ ಪೆಗ್ಗು. ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಪ್ರಜ್ಞೆ ತಪ್ಪಿದರೆ ಮಾತ್ರ ಯಾರನ್ನೂ ಕೇಳುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಮೂಡಿಗೆರೆ ಕಡೆಯಿಂದ: ಈಗಷ್ಟೇ ಎಣಿಸಿದೆ, 96. ತೂಕಕ್ಕೆ ತೋಟದಲ್ಲಿ ಕಾಫಿ ಮೂಟೆ ತೂಗುವ ಹಳೇ ತಕ್ಕಡಿ ಇದೆ, ಆಗುತ್ತಾ?

ಸಕಲೇಶಪುರದಿಂದ: ಬೇಡ, ಅದರಲ್ಲಿ ಎರಡು ಕೆಜಿ ಆಚೀಚೆ ಆಗಿದ್ದು ಗೊತ್ತೇ ಆಗಲ್ಲ. ಒಂದು ಡಿಜಿಟಲ್ ತನ್ನಿ.