ಮಕ್ಕಳ ಕನ್ನಡಕ್ಕೆ ಚಂದನ, ಊರಿನ ಪಾಠಕ್ಕೆ ವಿಕ್ಟರ್ಸ್

ಶಾರ್ಜಾದ ಅಕ್ಕ ಕೇಳಿದ್ದು ಗಲ್ಫಿನಲ್ಲಿರುವ ಕನ್ನಡಿಗರಾದ ನಮ್ಮಲ್ಲಿ ಬಹಳ ಜನರ ಪ್ರಶ್ನೆ. ಮಕ್ಕಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಮಾತಾಡಲು ತಡವರಿಸುತ್ತಾರೆ, ಓದಲು ಬರುವುದೇ ಇಲ್ಲ. ಏನು ತೋರಿಸಬಹುದು? ನನ್ನ ಉತ್ತರ, ದೂರದರ್ಶನದ ಕನ್ನಡ ಚಾನೆಲ್ ಚಂದನ.

ನಮ್ಮಂತಹ ಕಾಸರಗೋಡಿನವರ ಕಷ್ಟ ಸ್ವಲ್ಪ ಬೇರೆ, ನಮ್ಮ ಜಿಲ್ಲೆ ಇರುವುದು ಕೇರಳದಲ್ಲಿ. ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆ ಮನೆಯ ಮಾತು ತುಳು, ಹವ್ಯಕ, ಕೊಂಕಣಿ, ಮರಾಠಿ ಏನೇ ಇರಲಿ, ನಾವು ಕಲಿತ ಶಾಲೆ, ಓದುವ ಪೇಪರು, ನೋಡುವ ಯಕ್ಷಗಾನದ ಆಟ, ಮದುವೆ ಕಾಗದ ಎಲ್ಲ ಕನ್ನಡ. ನಮಗೆ ಕನ್ನಡ ಬಂದದ್ದು ಆ ಸುತ್ತಮುತ್ತಲಿನಿಂದ. ಗಲ್ಫಿನಲ್ಲಿ ಅದು ಇಲ್ಲ. ಪಾಸ್‌ಪೋರ್ಟಿನಲ್ಲಿ ಕೇರಳ ಎಂದು ಕಂಡ ಕೂಡಲೇ ಮಗಳ ಶಾಲೆಯಲ್ಲಿ ಮಲಯಾಳ ಎಂದು ಬರೆದುಕೊಂಡರು. ಮಲಯಾಳ ಕಲಿಯಲಿ, ಒಳ್ಳೆಯದೇ. ಆದರೆ ಮನೆಯಲ್ಲಿ ನಾವು ತುಳು ಮಾತಾಡುವವರು. ಹಾಗಾದರೆ ಕನ್ನಡ ಅವಳ ಕಿವಿಗೆ ಬೀಳುವುದು ಎಲ್ಲಿಂದ?

ನಮ್ಮಲ್ಲಿ ಶುರುವಾದದ್ದು 'ಥಟ್ ಅಂತ ಹೇಳಿ'ಯಿಂದ. ಚಂದನದಲ್ಲಿ 2002ರಿಂದ ನಡೆಯುತ್ತಿರುವ ರಸಪ್ರಶ್ನೆ. ನಡೆಸುವವರು ಡಾ. ನಾ. ಸೋಮೇಶ್ವರ. ಸರಿಯಾದ ಉತ್ತರಕ್ಕೆ ಬಹುಮಾನ ದುಡ್ಡಲ್ಲ, ಕನ್ನಡ ಪುಸ್ತಕ. ಇದು ಮಕ್ಕಳ ಕಣ್ಣಿಗೆ ಬೀಳಬೇಕು ಅಂತ ನನಗೆ ತುಂಬ ಆಸೆ. ಪ್ರಶ್ನೆ ತೆರೆಯ ಮೇಲೆ ಅಕ್ಷರದಲ್ಲಿ ಬರುತ್ತದೆ, ಸೋಮೇಶ್ವರ ಅವರು ಅದನ್ನು ಸ್ಪಷ್ಟವಾಗಿ ಓದುತ್ತಾರೆ. ಕೇಳಿದ್ದೇ ಕಣ್ಣಿಗೂ ಕಾಣುತ್ತದೆ. ನಾವು ಯೂಟ್ಯೂಬ್‌ನಲ್ಲಿ ಹಳೆಯ ಕಂತು ಹಾಕಿ, ಪ್ರಶ್ನೆ ಬಂದಾಗ ನಿಲ್ಲಿಸುತ್ತೇವೆ. ಮೊದಲು ಮಗಳು ಓದಬೇಕು, ಆಮೇಲೆ ಉತ್ತರ. ಒತ್ತಕ್ಷರಗಳು ಅವಳಿಗೆ ಹಿಡಿತಕ್ಕೆ ಬಂದದ್ದು ಹೀಗೆ. ಉತ್ತರ ಗೊತ್ತಿಲ್ಲದಿದ್ದರೆ ಊರಿನಲ್ಲಿರುವ ಅಜ್ಜನಿಗೆ ಫೋನ್ ಮಾಡುತ್ತಾಳೆ. ಅಜ್ಜ ಉತ್ತರದ ಜೊತೆ ಕಥೆಯನ್ನೂ ಹೇಳುತ್ತಾರೆ, ಅದು ಕನ್ನಡದಲ್ಲೇ.

ಸುಮ್ನೆ ಟಿವಿ ಹಾಕಿ ಬಿಟ್ಟರೆ ಏನೂ ಆಗುವುದಿಲ್ಲ, ಪಕ್ಕದಲ್ಲಿ ಕೂರಬೇಕು. ಚಂದನದಲ್ಲಿ ಥಳುಕು ಕಮ್ಮಿ, ಹೌದು. ಆದರೆ ಸಂಗೀತ, ಯಕ್ಷಗಾನ, ಕೃಷಿ, ಸಾಹಿತಿಗಳ ಮಾತುಕತೆ ಒಂದೇ ಕಡೆ ಸಿಗುತ್ತದೆ. ಧಾರಾವಾಹಿಯ ಜಗಳದಿಂದ ಕಲಿಯುವ ಕನ್ನಡಕ್ಕಿಂತ ಇದು ಎಷ್ಟೋ ಮೇಲು ಅಲ್ವಾ? ಊರಿನ ಮನೆಯಲ್ಲಿ ದೂರದರ್ಶನದ ಫ್ರೀ ಡಿಶ್ ಹಾಕಿಸಿದರೆ ತಿಂಗಳ ಬಾಡಿಗೆಯೂ ಇಲ್ಲ. ರಜೆಯಲ್ಲಿ ಮಕ್ಕಳು ಅಲ್ಲಿಯೂ ನೋಡಬಹುದು.

ಮಕ್ಕಳನ್ನು ಊರಿನ ಶಾಲೆಗೆ ಸೇರಿಸುವ ಯೋಚನೆ ಇರುವವರು ಮಾತ್ರ ಒಂದು ವಿಷಯ ಗಮನಿಸಿ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಚಂದನದಲ್ಲಿ ಬಂದ ಪಾಠಗಳು ಕರ್ನಾಟಕದ ಪಠ್ಯದ್ದು. ಕಾಸರಗೋಡಿನ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಕನ್ನಡ ಮಾಧ್ಯಮವಾದರೂ ಪಠ್ಯ ಕೇರಳದ್ದು. ಪುಸ್ತಕವೇ ಬೇರೆ. ಕೇರಳಕ್ಕೆ ತನ್ನದೇ ಶಿಕ್ಷಣ ಚಾನೆಲ್ ಇದೆ, ಹೆಸರು ವಿಕ್ಟರ್ಸ್. 2005ರಲ್ಲಿ ಅಬ್ದುಲ್ ಕಲಾಂ ಅವರು ಉದ್ಘಾಟಿಸಿದ್ದು. 2020ರ ಜೂನ್ 1ರಂದು ಅದರಲ್ಲಿ 'ಫಸ್ಟ್ ಬೆಲ್' ಪಾಠ ಶುರುವಾಯಿತು. ಚಾನೆಲ್‌ನಲ್ಲಿ ಮಲಯಾಳವೇ ಜಾಸ್ತಿ. ನಮ್ಮ ಜಿಲ್ಲೆಯ ಮಕ್ಕಳಿಗಾಗಿ ಕನ್ನಡ ಪಾಠಗಳನ್ನು ಬೇರೆಯಾಗಿ ತಯಾರಿಸಿ ಯೂಟ್ಯೂಬ್‌ಗೆ ಹಾಕಿದರು. ಆಮೇಲೆ ಪಠ್ಯ ಪರಿಷ್ಕರಣೆ ಆಗಿದೆ, ಹಾಗಾಗಿ ಹಳೆಯ ಪಾಠ ತೋರಿಸುವ ಮೊದಲು ಈಗಿನ ಪುಸ್ತಕದೊಂದಿಗೆ ಹೋಲಿಸಿ ನೋಡಿ.

ನನಗೆ ಇನ್ನೊಂದು ಆಸೆ ಇದೆ. ದೂರದರ್ಶನ ನಡೆಸುವ ಪ್ರಸಾರ ಭಾರತಿ ಇಡೀ ದೇಶದ ಸಂಸ್ಥೆ. ಅದರ ಕನ್ನಡ ಚಾನೆಲ್ ಕರ್ನಾಟಕದ ಗಡಿ ತಲಪಾಡಿಯಲ್ಲಿ ನಿಲ್ಲಬಾರದು. ಮಂಜೇಶ್ವರದಲ್ಲಿ ಕವಿ ಗೋವಿಂದ ಪೈಗಳ ಮನೆ ಗಿಳಿವಿಂಡು ಇದೆ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಮಕ್ಕಳಿಗೆ ಅರ್ಥವಾಗುವ ಹಾಗೆ ಇವುಗಳ ಮೇಲೆ ಒಂದು ಸರಣಿ ಮಾಡಲಿ ಎಂದು ಬೆಂಗಳೂರು ಕೇಂದ್ರಕ್ಕೆ ಪತ್ರ ಬರೆಯುತ್ತಿದ್ದೇನೆ. ಸಹಿ ಹಾಕುವವರು ನಿಮ್ಮ ಊರು, ಮಕ್ಕಳ ತರಗತಿ ಬರೆದು ಕಳಿಸಿ. ಯಾವ ವಯಸ್ಸಿನವರಿಗೆ ಬೇಕು ಎಂಬುದನ್ನು ಪತ್ರದಲ್ಲೇ ಹೇಳಿದರೆ ಅವರಿಗೂ ಅನುಕೂಲ.