ಮಾಂಟ್ರಿಯಲ್‌ನ ಹಳೇ ಕಾಲದ ಡೈನರ್‌ನಲ್ಲಿ ಏನು ತಿನ್ನೋದು?

ಪ್ರಶ್ನೆ: ಮುಂದಿನ ವಾರ ಅಕ್ಕನ ಜೊತೆ ಮಾಂಟ್ರಿಯಲ್‌ಗೆ ಹೋಗ್ತಿದ್ದೇನೆ. ಕೌಂಟರ್ ಮುಂದೆ ತಿರುಗೋ ಸ್ಟೂಲ್ ಇರೋ ಹಳೇ ಡೈನರ್‌ನಲ್ಲಿ ಕೂತು ತಿನ್ನಬೇಕು ಅನ್ನೋದು ಬಹಳ ದಿನದ ಆಸೆ. ಅಕ್ಕ ಮಾಂಸ ತಿನ್ನಲ್ಲ. ಪೂಟೀನ್ (ಫ್ರೈಸ್, ಚೀಸ್, ಗ್ರೇವಿ ಸೇರಿಸಿದ ಅಲ್ಲಿನ ತಿಂಡಿ) ಆಗುತ್ತಾ?

ಉತ್ತರ 1: ಕೇಳದೆ ತಿನ್ನಬೇಡಿ. ಫ್ರೈಸ್ ಮೇಲೆ ಚೀಸ್ ತುಂಡು ಹಾಕಿ ಸುರಿಯುವ ಆ ಕಂದು ಗ್ರೇವಿಯನ್ನು ಸಾಮಾನ್ಯವಾಗಿ ಕೋಳಿ ಅಥವಾ ದನದ ಮಾಂಸ ಬೇಯಿಸಿದ ನೀರಿನಲ್ಲೇ ಮಾಡ್ತಾರೆ, ಸುಮ್ನೆ ನೋಡಿದರೆ ಗೊತ್ತಾಗಲ್ಲ. ಸಸ್ಯಾಹಾರಿ ಗ್ರೇವಿ ಕೆಲವು ಕಡೆ ಸಿಗುತ್ತೆ, ಕರಿಯೋ ಎಣ್ಣೆ ಯಾವುದು ಅಂತಲೂ ಕೇಳಿ. ಬಿಸಿಬಿಸಿ ಇದ್ದಾಗಲೇ ತಿನ್ನಿ. ಚೀಸ್ ತಾಜಾ ಇದ್ದರೆ ಹಲ್ಲಿನಡಿ ಕೀಚ್ ಕೀಚ್ ಅನ್ನುತ್ತೆ, ನನಗೆ ಅದೇ ಇಷ್ಟ! 1950ರ ದಶಕದಲ್ಲಿ ಮಾಂಟ್ರಿಯಲ್ ಇರೋ ಕ್ವಿಬೆಕ್ ಪ್ರಾಂತ್ಯದ ಹಳ್ಳಿ ಕಡೆ ಹುಟ್ಟಿದ ತಿಂಡಿ ಇದು.

ಉತ್ತರ 2: ಕೊನೆಗೆ ಪುಡಿಂಗ್ ಶೋಮರ್ ಬಿಡಬೇಡಿ. ಹೆಸರಿನ ಅರ್ಥ ನಿರುದ್ಯೋಗಿಯ ಪುಡಿಂಗ್. 1929ರ ಆರ್ಥಿಕ ಕುಸಿತದ ನಂತರದ ಕಷ್ಟಕಾಲದಲ್ಲಿ ಬಂದದ್ದು. ಕೇಕ್ ಅಡಿಯಲ್ಲಿ ಬಿಸಿ ಪಾಕ ನಿಂತಿರುತ್ತೆ, ಮೇಪಲ್ ಪಾಕ ಆದರೆ ಇನ್ನೂ ರುಚಿ. ಸಿಹಿ ಜಾಸ್ತಿ, ಇಬ್ಬರಿಗೆ ಒಂದು ಸಾಕು.

ಉತ್ತರ 3: ಮೆನು ಬೆಲೆ ಮೇಲೆ ಸುಮಾರು 15% ತೆರಿಗೆ ಬೀಳುತ್ತೆ, ಟಿಪ್ ಬೇರೆ. ಒಳಗೆ ಹೋದ ಕೂಡಲೇ 'ಬೋಂಜೂರ್' (ಫ್ರೆಂಚ್‌ನಲ್ಲಿ ನಮಸ್ಕಾರ) ಅನ್ನಿ, ಆಮೇಲೆ ಇಂಗ್ಲಿಷ್ ಆದರೂ ನಡೆಯುತ್ತೆ.